ಹದಿನೆಂಟು ಪೌಂಡಿನ ಮಹಾಕಾವ್ಯ

1667ರ ಏಪ್ರಿಲ್ 27ನೇ ತಾರೀಖು. ಅಂದು ಲಂಡನ್ ನಗರದಲ್ಲಿ ಒಂದು ಕರಾರುಪತ್ರ ಸಿದ್ಧವಾಯಿತು. ಅದು ಮನೆ ಮಾರಾಟದ ಪತ್ರವಲ್ಲ, ಜಮೀನಿನ ಕ್ರಯಪತ್ರವೂ ಅಲ್ಲ. ಮಾರಾಟಕ್ಕಿದ್ದದ್ದು ಒಂದು ಕಾವ್ಯ. ಮಾರುವವನು 58 ವರ್ಷ ವಯಸ್ಸಿನ, ಎರಡೂ ಕಣ್ಣು ಕಾಣದ ಕವಿ ಜಾನ್ ಮಿಲ್ಟನ್. ಕೊಳ್ಳುವವನು ಸ್ಯಾಮ್ಯುಯೆಲ್ ಸೈಮನ್ಸ್ ಎಂಬ ಮುದ್ರಕ. ಕಾವ್ಯದ ಹೆಸರು 'ಪ್ಯಾರಡೈಸ್ ಲಾಸ್ಟ್', ಅಂದರೆ 'ಕಳೆದುಹೋದ ಸ್ವರ್ಗ'.

ಕರಾರಿನ ಷರತ್ತುಗಳು ಸರಳವಾಗಿದ್ದವು. ಕವಿಗೆ ಕೂಡಲೇ 5 ಪೌಂಡ್. ಮೊದಲ ಮುದ್ರಣದ 1300 ಪ್ರತಿಗಳು ಮಾರಾಟವಾದ ಮೇಲೆ ಇನ್ನೊಂದು 5 ಪೌಂಡ್. ಎರಡನೆಯ ಮುದ್ರಣದ ಅಷ್ಟೇ ಪ್ರತಿಗಳು ಮುಗಿದಾಗ 5 ಪೌಂಡ್, ಮೂರನೆಯದು ಮುಗಿದಾಗ ಮತ್ತೆ 5 ಪೌಂಡ್. ಯಾವ ಮುದ್ರಣವೂ 1500 ಪ್ರತಿಗಳನ್ನು ಮೀರಬಾರದು. ಎಲ್ಲವೂ ಸರಿಯಾಗಿ ನಡೆದರೆ ಕವಿಗೆ ಸಿಗುವುದು ಒಟ್ಟು 20 ಪೌಂಡ್. ಅಲ್ಲಿಗೆ ಕಾವ್ಯದ ಮೇಲಿನ ಹಕ್ಕೆಲ್ಲ ಮುದ್ರಕನದು.

ಆ ಕರಾರುಪತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂದಿಗೂ ಭದ್ರವಾಗಿದೆ. ಕವಿಗೂ ಪ್ರಕಾಶಕನಿಗೂ ನಡೆದ ಒಪ್ಪಂದದ ಇಷ್ಟು ಹಳೆಯ, ಇಷ್ಟು ವಿವರವಾದ ದಾಖಲೆಗಳು ಅಪರೂಪ. ಆ ಕಾಲದಲ್ಲಿ ಕವಿತೆ ಬರೆದವನಿಗೆ ಏನು ಸಿಗುತ್ತಿತ್ತು, ಬರೆದದ್ದು ಕೊನೆಗೆ ಯಾರದಾಗುತ್ತಿತ್ತು ಎಂಬುದನ್ನು ಈ ಒಂದು ಕಾಗದದ ಜಾಡು ಹಿಡಿದರೆ ತಿಳಿಯಬಹುದು.

ಕಣ್ಣಿಲ್ಲದವನ ಬರವಣಿಗೆ

ಮಿಲ್ಟನ್ ದೃಷ್ಟಿಯನ್ನು ಪೂರ್ತಿ ಕಳೆದುಕೊಂಡದ್ದು 1652ರ ಹೊತ್ತಿಗೆ. ಆಗ ಇಂಗ್ಲೆಂಡಿನಲ್ಲಿ ರಾಜನಿರಲಿಲ್ಲ. ಒಂದನೇ ಚಾರ್ಲ್ಸ್ ದೊರೆಯ ತಲೆ ಕಡಿದು, ಕ್ರಾಮ್‌ವೆಲ್‌ನ ಕಡೆಯವರು ಆಡಳಿತ ನಡೆಸುತ್ತಿದ್ದರು. ಆ ಸರ್ಕಾರದ ವಿದೇಶೀ ಪತ್ರವ್ಯವಹಾರ ನೋಡಿಕೊಳ್ಳುವ ಕಾರ್ಯದರ್ಶಿ ಮಿಲ್ಟನ್. 1660ರಲ್ಲಿ ರಾಜವಂಶ ಮರಳಿ ಬಂದಾಗ ಅವನ ಬದುಕು ತಲೆಕೆಳಗಾಯಿತು. ಅವನ ಪುಸ್ತಕಗಳನ್ನು ಬಹಿರಂಗವಾಗಿ ಸುಟ್ಟರು. ಕೆಲಕಾಲ ಸೆರೆವಾಸವೂ ಆಯಿತು. ಜೀವ ಉಳಿದದ್ದೇ ದೊಡ್ಡದು. ಕೂಡಿಟ್ಟಿದ್ದ ಹಣದಲ್ಲಿ ದೊಡ್ಡ ಪಾಲು ಹೋಯಿತು. 1665ರಲ್ಲಿ ಲಂಡನ್ನಿಗೆ ಪ್ಲೇಗ್ ಬಡಿಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ನಗರವನ್ನು ಸುಟ್ಟ ಮಹಾ ಬೆಂಕಿಯಲ್ಲಿ ಬ್ರೆಡ್ ಸ್ಟ್ರೀಟ್‌ನಲ್ಲಿದ್ದ ತಂದೆಯ ಕಾಲದ ಮನೆಯೂ ಬೂದಿಯಾಯಿತು.

ಇಷ್ಟರ ನಡುವೆ ಹತ್ತು ಸಾವಿರಕ್ಕೂ ಹೆಚ್ಚು ಸಾಲುಗಳ ಕಾವ್ಯ ಬೆಳೆಯಿತು. ಕಣ್ಣು ಕಾಣದವನು ಅಷ್ಟು ದೊಡ್ಡ ಕೃತಿ ರಚಿಸಿದ್ದು ಹೇಗೆ? ಅವನ ಸೋದರಳಿಯ ಎಡ್ವರ್ಡ್ ಫಿಲಿಪ್ಸ್ ಅದನ್ನು ಬರೆದಿಟ್ಟಿದ್ದಾನೆ. ಒಂದು ಸಲಕ್ಕೆ ಹತ್ತು, ಇಪ್ಪತ್ತು, ಮೂವತ್ತು ಸಾಲು ಮನಸ್ಸಿನಲ್ಲೇ ಕಟ್ಟಿಕೊಂಡು, ಯಾರು ಹತ್ತಿರವಿದ್ದರೆ ಅವರಿಂದ ಮಿಲ್ಟನ್ ಬರೆಸುತ್ತಿದ್ದ. ಫಿಲಿಪ್ಸ್ ಆಗಾಗ ಬಂದು ಅಕ್ಷರದ ತಪ್ಪುಗಳನ್ನೂ ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ತಿದ್ದುತ್ತಿದ್ದ. ಶರತ್ಕಾಲದ ವಿಷುವದಿಂದ ವಸಂತದ ವಿಷುವದವರೆಗೆ, ಎಂದರೆ ಹಗಲಿಗಿಂತ ರಾತ್ರಿ ದೀರ್ಘವಾಗಿರುವ ಆರು ತಿಂಗಳು ಮಾತ್ರ ತನಗೆ ಕವಿತೆ ಸರಾಗವಾಗಿ ಬರುತ್ತದೆ ಎಂದು ಮಿಲ್ಟನ್ ಹೇಳುತ್ತಿದ್ದನಂತೆ. ಬೆಳಿಗ್ಗೆ ಬರೆದುಕೊಳ್ಳುವವರು ಬರುವುದು ತಡವಾದರೆ, ಕೆಚ್ಚಲು ತುಂಬಿದ ಹಸುವಿನಂತೆ ಚಡಪಡಿಸಿ, ಹಾಲು ಕರೆಯುವವರು ಇನ್ನೂ ಬರಲಿಲ್ಲವೆಂದು ಗೊಣಗುತ್ತಿದ್ದ ಎಂದು ಆ ಕಾಲದ ಇನ್ನೊಬ್ಬ ಜೀವನಚರಿತ್ರೆಕಾರ ಹೇಳುತ್ತಾನೆ.

ತಂದೆಗೆ ಪುಸ್ತಕ ಓದಿ ಹೇಳುವ ಕೆಲಸ ಹೆಣ್ಣುಮಕ್ಕಳ ಮೇಲೂ ಬಿದ್ದಿತ್ತು. ಕಿರಿಯ ಮಗಳು ಡೆಬೊರಾ ಮತ್ತು ಅವಳ ಅಕ್ಕ ತಮಗೆ ಅರ್ಥವೇ ಆಗದ ಭಾಷೆಗಳನ್ನು ಉಚ್ಚಾರ ಮಾತ್ರ ಕಲಿತು ಗಂಟೆಗಟ್ಟಲೆ ಓದಬೇಕಾಗಿತ್ತು. ಅವರಿಗೆ ಅದು ಬೇಸರ ತಂದದ್ದರಲ್ಲಿ ಆಶ್ಚರ್ಯವಿಲ್ಲ. ಇನ್ನೊಂದು ಕಡೆ, ಥಾಮಸ್ ಎಲ್ವುಡ್ ಎಂಬ ತರುಣ ಲ್ಯಾಟಿನ್ ಕಲಿಯುವ ಆಸೆಯಿಂದ ತಾನಾಗಿಯೇ ಬಂದು ಓದಿ ಹೇಳುತ್ತಿದ್ದ. ಪ್ಲೇಗ್ ಬಂದಾಗ ಗುರುವಿಗೆ ಚಾಲ್ಫಂಟ್ ಸೇಂಟ್ ಜೈಲ್ಸ್ ಎಂಬ ಹಳ್ಳಿಯಲ್ಲಿ ಮನೆ ಹುಡುಕಿಕೊಟ್ಟವನೂ ಅವನೇ. ಅಲ್ಲಿಯೇ ಮಿಲ್ಟನ್ ಪೂರ್ಣಗೊಂಡ ಹಸ್ತಪ್ರತಿಯನ್ನು ಶಿಷ್ಯನ ಕೈಗಿತ್ತು, ಓದಿ ಅಭಿಪ್ರಾಯ ಹೇಳು ಎಂದ. ಆ ಮನೆ ಈಗ ಮಿಲ್ಟನ್ ವಸ್ತುಸಂಗ್ರಹಾಲಯ.

ಗ್ರಹಣದ ಸಾಲುಗಳಿಗೆ ಹಿಡಿದ ಗ್ರಹಣ

ಹಸ್ತಪ್ರತಿ ಸಿದ್ಧವಾದರೆ ಸಾಲದು, ಸರ್ಕಾರದ ಪರವಾನಗಿ ಬೇಕು. 1662ರ ಕಾಯಿದೆಯ ಪ್ರಕಾರ ಯಾವ ಪುಸ್ತಕವೂ ಪರವಾನಗಿಯಿಲ್ಲದೆ ಅಚ್ಚಾಗುವಂತಿರಲಿಲ್ಲ. ಲಂಡನ್ನಿನಲ್ಲಿ ಮುದ್ರಣಾಲಯ ನಡೆಸುವ ಯಜಮಾನರ ಸಂಖ್ಯೆಯನ್ನು 20ಕ್ಕೆ ಇಳಿಸಬೇಕೆಂದು ಕಾಯಿದೆ ವಿಧಿಸಿತ್ತು. ಲಂಡನ್ನಿನ ಹೊರಗೆ ಎರಡು ವಿಶ್ವವಿದ್ಯಾಲಯಗಳು ಮತ್ತು ಯಾರ್ಕ್ ನಗರ ಬಿಟ್ಟರೆ ಬೇರೆಲ್ಲೂ ಅಚ್ಚು ಹಾಕುವಂತಿರಲಿಲ್ಲ. ಇಂಥ ಪರವಾನಗಿ ಪದ್ಧತಿಯನ್ನು ವಿರೋಧಿಸಿ 1644ರಷ್ಟು ಹಿಂದೆಯೇ 'ಏರಿಯೊಪ್ಯಾಜಿಟಿಕ' ಎಂಬ ಪುಸ್ತಿಕೆ ಬರೆದಿದ್ದ ಮಿಲ್ಟನ್, ಈಗ ಅದೇ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕಾಯಿತು.

ಹಸ್ತಪ್ರತಿ ಪರಿಶೀಲಿಸಿದವನು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್‌ನ ಬಳಿಯಿದ್ದ ಪಾದ್ರಿ ಥಾಮಸ್ ಟಾಮ್ಕಿನ್ಸ್. ಅವನ ಕಣ್ಣಿಗೆ ಬಿದ್ದದ್ದು ಮೊದಲ ಸರ್ಗದ ಒಂದು ಉಪಮೆ. ಸೈತಾನನ ಕುಂದಿದ ಕಾಂತಿಯನ್ನು ಗ್ರಹಣ ಹಿಡಿದ ಸೂರ್ಯನಿಗೆ ಹೋಲಿಸಿ, ಅಂಥ ಗ್ರಹಣ ರಾಜರ ಎದೆಯಲ್ಲಿ ಭಯ ಹುಟ್ಟಿಸುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ. ರಾಜನಿಗೆ ಅಪಶಕುನ ನುಡಿಯುವ ಈ ಸಾಲುಗಳು ರಾಜದ್ರೋಹವಾದಾವು ಎಂದು ಪಾದ್ರಿ ತಕರಾರು ತೆಗೆದ ಕಥೆಯನ್ನು 1698ರಲ್ಲಿ ಮಿಲ್ಟನ್‌ನ ಜೀವನಚರಿತ್ರೆ ಬರೆದ ಜಾನ್ ಟೋಲಂಡ್ ಹೇಳಿದ್ದಾನೆ. ಕೊನೆಗೆ ಪರವಾನಗಿ ಸಿಕ್ಕಿತು. ಗ್ರಹಣದ ಸಾಲುಗಳೂ ಉಳಿದವು.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲೊಂದು ಸಂಗತಿ ಗಮನಿಸಬಹುದು. ಸುಮಾರು 50 ವರ್ಷಗಳ ಅನಂತರ, 1715ರಲ್ಲಿ, ಇಂಗ್ಲೆಂಡಿನ ಮೇಲೆ ಹಾದುಹೋಗಲಿದ್ದ ಖಗ್ರಾಸ ಸೂರ್ಯಗ್ರಹಣದ ನೆರಳಿನ ಹಾದಿಯನ್ನು ಎಡ್ಮಂಡ್ ಹ್ಯಾಲಿ ಮೊದಲೇ ಲೆಕ್ಕಹಾಕಿ ನಕ್ಷೆ ಅಚ್ಚು ಮಾಡಿಸಿ ಹಂಚಿದ. ಹಠಾತ್ ಕತ್ತಲಾದಾಗ ಜನ ಅದನ್ನು ರಾಜನಿಗೆ ಕೇಡಿನ ಸೂಚನೆ ಎಂದುಕೊಳ್ಳಬಾರದು ಎಂಬುದೇ ಅವನ ಉದ್ದೇಶಗಳಲ್ಲೊಂದಾಗಿತ್ತು. ಮುದ್ರಣಯಂತ್ರ ಯಾವ ಭಯವನ್ನು ಹರಡೀತೆಂದು ಪಾದ್ರಿ ಅಂಜಿದ್ದನೋ, ಅದೇ ಭಯವನ್ನು ಅದೇ ಯಂತ್ರ ಓಡಿಸಿತು.

ಮೊಳೆ, ಮಸಿ, ಚಿಂದಿ ಬಟ್ಟೆ

ಆಗಿನ ಪುಸ್ತಕ ಹೇಗೆ ಅಚ್ಚಾಗುತ್ತಿತ್ತು? ಸೀಸ, ಆಂಟಿಮನಿ ಮತ್ತು ತವರ ಬೆರೆಸಿದ ಮಿಶ್ರಲೋಹದಲ್ಲಿ ಎರಕ ಹೊಯ್ದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಜೋಡಿಸಬೇಕು. ಕಾಯಿಸಿದ ಅಗಸೆ ಎಣ್ಣೆಗೆ ದೀಪದ ಕಾಡಿಗೆಯಂಥ ಮಸಿಯನ್ನು ಅರೆದು ಸೇರಿಸಿದರೆ ಮುದ್ರಣದ ಶಾಯಿ. ಕಾಗದ ತಯಾರಾಗುತ್ತಿದ್ದದ್ದು ಹಳೆಯ ನಾರುಬಟ್ಟೆಯ ಚಿಂದಿಯಿಂದ. ಒಳ್ಳೆಯ ಕಾಗದ ಬಹುಮಟ್ಟಿಗೆ ಹೊರದೇಶಗಳಿಂದ, ಮುಖ್ಯವಾಗಿ ಫ್ರಾನ್ಸಿನಿಂದ ಬರಬೇಕಾಗಿತ್ತು. ಪುಸ್ತಕದ ಖರ್ಚಿನಲ್ಲಿ ದೊಡ್ಡ ಪಾಲು ಈ ಕಾಗದದ್ದೇ.

'ಪ್ಯಾರಡೈಸ್ ಲಾಸ್ಟ್'ನ ಮೊದಲ ಮುದ್ರಣ ಸುಮಾರು 340 ಪುಟಗಳದು. ಒಂದು ದೊಡ್ಡ ಹಾಳೆಯನ್ನು ಎರಡು ಸಲ ಮಡಿಸಿದರೆ ನಾಲ್ಕು ಎಲೆ, ಅಂದರೆ 8 ಪುಟ. ಹಾಗಾದರೆ ಒಂದು ಪ್ರತಿಗೆ ಸುಮಾರು 43 ಹಾಳೆ ಬೇಕು. 1300 ಪ್ರತಿಗಳಿಗೆ 55,900 ಹಾಳೆ. ಪ್ರತಿ ಹಾಳೆಯ ಎರಡು ಮಗ್ಗುಲಿಗೂ ಅಚ್ಚು ಬೀಳಬೇಕಾದ್ದರಿಂದ ಯಂತ್ರವನ್ನು 1,11,800 ಸಲ ಎಳೆಯಬೇಕು. ಮರದ ಮುದ್ರಣಯಂತ್ರದಲ್ಲಿ ಇಬ್ಬರು ನುರಿತ ಕೆಲಸಗಾರರು ಎಲ್ಲವೂ ಸರಿಯಿದ್ದಾಗ ಗಂಟೆಗೆ 250 ಸಲ ಅಚ್ಚೆಳೆಯುತ್ತಿದ್ದರು. ಭಾಗಿಸಿ ನೋಡಿದರೆ 447 ಗಂಟೆ! ದಿನಕ್ಕೆ ಹತ್ತು ಗಂಟೆಯಂತೆ ಒಂದೂವರೆ ತಿಂಗಳ ಕೆಲಸ. ಮೊಳೆ ಜೋಡಿಸುವ, ಕರಡು ತಿದ್ದುವ, ಹಾಳೆ ಒಣಗಿಸುವ, ಮಡಿಸಿ ಹೊಲಿಯುವ ಸಮಯ ಇದರಲ್ಲಿ ಸೇರಿಲ್ಲ.

ಮುದ್ರಣಾಲಯಕ್ಕೆ ಹೋಗಿದ್ದ ಮೊದಲ ಸರ್ಗದ ಹಸ್ತಪ್ರತಿ ಹೇಗೋ ಉಳಿದುಕೊಂಡಿದೆ. ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿರುವ ಆ ಕೆಲವು ಹಾಳೆಗಳ ಮೇಲೆ ಪರವಾನಗಿಯ ಒಕ್ಕಣೆಯನ್ನೂ ಮೊಳೆ ಜೋಡಿಸಿದವರು ಹಾಕಿಕೊಂಡ ಗುರುತುಗಳನ್ನೂ ಇಂದಿಗೂ ಕಾಣಬಹುದು.

ಪುಸ್ತಕದ ಬೆಲೆ 3 ಷಿಲಿಂಗ್. ಆಗ ಒಂದು ಪೌಂಡಿಗೆ 20 ಷಿಲಿಂಗ್. ಮೊದಲ ಕಂತಿನ 5 ಪೌಂಡ್ ಎಂದರೆ 100 ಷಿಲಿಂಗ್, ತನ್ನದೇ ಪುಸ್ತಕದ 33 ಪ್ರತಿಗಳ ಬೆಲೆ. 1300 ಪ್ರತಿಗಳೂ ಪೂರ್ಣ ಬೆಲೆಗೆ ಹೋದವೆಂದು ಇಟ್ಟುಕೊಂಡರೆ ಬಂದದ್ದು 195 ಪೌಂಡ್. ಅದರಲ್ಲಿ ಕವಿಯ ಪಾಲು 10 ಪೌಂಡ್, ನೂರಕ್ಕೆ ಐದರಷ್ಟು.

ಆದರೆ ಸೈಮನ್ಸ್‌ನನ್ನು ಖಳನಾಯಕನನ್ನಾಗಿ ಮಾಡುವುದು ನ್ಯಾಯವಲ್ಲ. ಮಹಾ ಬೆಂಕಿ ಆರಿ ಆಗಿನ್ನೂ ಎಂಟು ತಿಂಗಳೂ ಆಗಿರಲಿಲ್ಲ. ಪುಸ್ತಕ ವ್ಯಾಪಾರಿಗಳು ಸುರಕ್ಷಿತವೆಂದು ನಂಬಿ ಸೇಂಟ್ ಪಾಲ್ ಚರ್ಚಿನ ನೆಲಮಾಳಿಗೆಯಲ್ಲಿ ತುಂಬಿಟ್ಟಿದ್ದ ಅಪಾರ ದಾಸ್ತಾನು ಸುಟ್ಟುಹೋಗಿತ್ತು. ಅಂಥ ಹೊತ್ತಿನಲ್ಲಿ, ಆಳುವವರಿಗೆ ಬೇಡವಾಗಿದ್ದ ಕುರುಡು ಕವಿಯ ಗಂಭೀರ ಕಾವ್ಯಕ್ಕೆ ಕಾಗದದ ಹಣ ಹಾಕಲು ಧೈರ್ಯ ಬೇಕಾಗಿತ್ತು. ಮೇಲಾಗಿ ಅದು ನಮ್ಮ ಸರಳ ರಗಳೆಯಂತೆ ಅಂತ್ಯಪ್ರಾಸವಿಲ್ಲದ ಕಾವ್ಯ. ಪ್ರಾಸವೇಕಿಲ್ಲ ಎಂದು ಓದುಗರು ಕೇಳತೊಡಗಿದ್ದರಿಂದ, 1668ರಲ್ಲಿ ಹೊರಬಂದ ಪ್ರತಿಗಳಿಗೆ ಕವಿಯಿಂದಲೇ ಒಂದು ವಿವರಣೆ ಬರೆಸಿ ಸೇರಿಸಬೇಕಾಯಿತು. ಆದರೂ 1300 ಪ್ರತಿ ಎರಡು ವರ್ಷದೊಳಗೆ ಮುಗಿದವು. 1669ರ ಏಪ್ರಿಲ್ 26ರಂದು ಎರಡನೆಯ 5 ಪೌಂಡ್ ಸಂದಾಯವಾಯಿತು.

1674ರಲ್ಲಿ ಎರಡನೆಯ ಮುದ್ರಣ ಬಂತು. ಮೊದಲು ಹತ್ತು ಸರ್ಗಗಳಿದ್ದ ಕಾವ್ಯ ಈಗ ಹನ್ನೆರಡಾಯಿತು. ಅದೇ ವರ್ಷ ನವೆಂಬರಿನಲ್ಲಿ ಮಿಲ್ಟನ್ ತೀರಿಕೊಂಡ. 1680ರಲ್ಲಿ ಅವನ ವಿಧವೆ ಎಲಿಜಬೆತ್ 8 ಪೌಂಡ್ ಪಡೆದು ಉಳಿದ ಹಕ್ಕನ್ನೆಲ್ಲ ಸೈಮನ್ಸ್‌ಗೆ ಬರೆದುಕೊಟ್ಟಳು. 5, 5, 8. ಒಂದು ಮಹಾಕಾವ್ಯದ ಒಟ್ಟು ಬೆಲೆ 18 ಪೌಂಡ್.

ಕವಿ ಬದುಕುವುದು ಹೇಗೆ?

ಆ ಕಾಲದ ಉಳಿದ ಕವಿಗಳ ಗತಿ ಏನಾಗಿತ್ತು? ಶ್ರೀಮಂತ ಮನೆತನದವರಿಗೆ ಕವಿತೆ ಅಚ್ಚು ಹಾಕಿಸಿ ಮಾರುವುದೇ ಮರ್ಯಾದೆಗೆ ಕುಂದು. ಅವರ ಪದ್ಯಗಳು ಕೈಬರಹದ ಪ್ರತಿಗಳಾಗಿ ಸ್ನೇಹಿತರ ನಡುವೆ ಸುತ್ತುತ್ತಿದ್ದವು. ಕೆಲವೊಮ್ಮೆ ಯಾರೋ ಅವನ್ನು ಸಂಪಾದಿಸಿ ಕೇಳದೆಯೇ ಅಚ್ಚು ಮಾಡಿಬಿಡುತ್ತಿದ್ದರು. ಕವಯಿತ್ರಿ ಕ್ಯಾಥರೀನ್ ಫಿಲಿಪ್ಸ್‌ಳ ಪದ್ಯಗಳು 1664ರಲ್ಲಿ ಹೀಗೆಯೇ ಹೊರಬಂದು ಆಕೆಗೆ ಬಹಳ ನೋವಾಯಿತು. ಅದೇ ವರ್ಷ ಆಕೆ ಸಿಡುಬಿನಿಂದ ತೀರಿಕೊಂಡಳು. ರೋಚೆಸ್ಟರ್ ಪ್ರಾಂತದ ಅರ್ಲ್ ಜಾನ್ ವಿಲ್ಮಟ್ 1680ರಲ್ಲಿ ತೀರಿಕೊಂಡ ವರ್ಷವೇ ಅವನ ಹೆಸರಿನಲ್ಲಿ ಕಳ್ಳಪುಸ್ತಕವೊಂದು ಬಂತು. ಅದರಲ್ಲಿ ಬೇರೆಯವರ ಪದ್ಯಗಳೂ ಸೇರಿಹೋಗಿದ್ದವು.

ಲೇಖನಿಯಿಂದಲೇ ಹೊಟ್ಟೆ ಹೊರೆಯಬೇಕಾದವರಿಗೆ ಇದ್ದದ್ದು ಎರಡೇ ದಾರಿ. ಒಂದು, ದೊಡ್ಡ ಮನುಷ್ಯರಿಗೆ ಕೃತಿ ಅರ್ಪಿಸಿ ಅವರು ಕೊಟ್ಟಷ್ಟು ಪಡೆಯುವುದು. ಇನ್ನೊಂದು, ನಾಟಕ ಬರೆಯುವುದು. ಮೂರನೆಯ ಪ್ರದರ್ಶನದ ಲಾಭ ನಾಟಕಕಾರನಿಗೆ ಎಂಬ ವಾಡಿಕೆ ಇತ್ತು. ಬರೆದು ಬದುಕಿದ ಮೊದಲ ಇಂಗ್ಲಿಷ್ ಮಹಿಳೆಯರಲ್ಲೊಬ್ಬಳಾದ ಆಫ್ರಾ ಬೆನ್ ಈ ಎರಡನ್ನೂ ನಂಬಿದ್ದಳು.

ಪುಸ್ತಕದ ಹಕ್ಕು ಮಾತ್ರ ಕವಿಯ ಬಳಿ ನಿಲ್ಲುತ್ತಿರಲಿಲ್ಲ. ಲಂಡನ್ನಿನ ಮುದ್ರಕರು ಮತ್ತು ಪುಸ್ತಕ ವ್ಯಾಪಾರಿಗಳ ಸಂಘವಾದ 'ಸ್ಟೇಷನರ್ಸ್ ಕಂಪನಿ'ಯಲ್ಲಿ ಒಂದು ದಾಖಲೆ ಪುಸ್ತಕವಿತ್ತು. ಅದರಲ್ಲಿ ಯಾವ ಸದಸ್ಯನ ಹೆಸರಿಗೆ ಕೃತಿ ದಾಖಲಾಗುತ್ತದೋ ಅದು ಅವನ ಸ್ವತ್ತು. ಅವನು ಅದನ್ನು ಹೊಲ ಮನೆಯಂತೆ ಮಾರಬಹುದು, ಪಾಲು ಮಾಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಬರೆದವನ ಹೆಸರು ಮುಖಪುಟದಲ್ಲಿ. ಒಡೆಯನ ಹೆಸರು ದಾಖಲೆ ಪುಸ್ತಕದಲ್ಲಿ.

ಕ್ಷೌರಿಕನ ಮಗ ಜೇಕಬ್ ಟಾನ್ಸನ್

ಸೈಮನ್ಸ್ ಆ ಹಕ್ಕನ್ನು 25 ಪೌಂಡಿಗೆ ಬ್ರಬಜನ್ ಏಲ್ಮರ್ ಎಂಬ ಪುಸ್ತಕ ವ್ಯಾಪಾರಿಗೆ ಮಾರಿದ. ಏಲ್ಮರ್‌ನಿಂದ 1683ರಲ್ಲಿ ಅರ್ಧ ಪಾಲನ್ನೂ, ಕೆಲವು ವರ್ಷಗಳ ಮೇಲೆ ಉಳಿದರ್ಧವನ್ನೂ ಕೊಂಡವನು ಜೇಕಬ್ ಟಾನ್ಸನ್. ಶಸ್ತ್ರವೈದ್ಯವನ್ನೂ ಮಾಡುತ್ತಿದ್ದ ಕ್ಷೌರಿಕನೊಬ್ಬನ ಮಗನಾಗಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕದಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ ಈ ಹುಡುಗ, ಮುಂದೆ ಇಂಗ್ಲೆಂಡಿನ ಕಾವ್ಯ ಪ್ರಕಾಶನದ ರೂಪವನ್ನೇ ಬದಲಿಸಿದ.

1688ರಲ್ಲಿ ಟಾನ್ಸನ್ ಮತ್ತೊಬ್ಬ ವ್ಯಾಪಾರಿಯೊಡನೆ ಸೇರಿ 'ಪ್ಯಾರಡೈಸ್ ಲಾಸ್ಟ್'ನ ದೊಡ್ಡ ಗಾತ್ರದ, ಚಿತ್ರಗಳಿರುವ ಮುದ್ರಣ ತಂದ. ಅದಕ್ಕೆ ಮೊದಲೇ ಚಂದಾ ಎತ್ತಿ, 500ಕ್ಕೂ ಹೆಚ್ಚು ಚಂದಾದಾರರ ಹೆಸರುಗಳನ್ನು ಪುಸ್ತಕದಲ್ಲೇ ಅಚ್ಚು ಹಾಕಿಸಿದ. ಯಾವ ಕವಿಯಿಂದ ಹೆಚ್ಚು ಹಣ ಬಂತು ಎಂದು ಕೇಳಿದಾಗ ಟಾನ್ಸನ್ ಮಿಲ್ಟನ್‌ನ ಹೆಸರು ಹೇಳಿದನಂತೆ. ಚಿತ್ರಕಾರ ನೆಲ್ಲರ್ ಬರೆದ ಅವನ ಭಾವಚಿತ್ರದಲ್ಲಿ ಕೈಯಲ್ಲಿರುವುದೂ ಅದೇ ಪುಸ್ತಕ.

ಚಂದಾ ಪದ್ಧತಿಯಿಂದ ಮಿಲ್ಟನ್ ಮನೆಯವರಿಗೆ ಚಿಕ್ಕಾಸೂ ಸಿಗಲಿಲ್ಲ. ಆದರೆ ಬದುಕಿರುವ ಕವಿಗೆ ಅದರಿಂದ ಪ್ರಯೋಜನವಾಗಬಹುದೆಂದು ತೋರಿಸಿದವನು ಜಾನ್ ಡ್ರೈಡನ್. ಇವನು ಮಿಲ್ಟನ್‌ನನ್ನು ಬಲ್ಲವನು. 'ಪ್ಯಾರಡೈಸ್ ಲಾಸ್ಟ್'ಅನ್ನು ಪ್ರಾಸಬದ್ಧ ನಾಟಕವಾಗಿಸಲು ಮಿಲ್ಟನ್‌ನ ಬಳಿಗೇ ಹೋಗಿ ಅನುಮತಿ ಕೇಳಿದ, ಮಿಲ್ಟನ್ ಸೌಜನ್ಯದಿಂದ ಒಪ್ಪಿದ ಎಂದು ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ಡ್ರೈಡನ್ 1668ರಿಂದ ಆಸ್ಥಾನ ಕವಿ, ಅದಕ್ಕೆ ವರ್ಷಕ್ಕೆ 200 ಪೌಂಡ್ ಸಂಬಳ. ಆದರೆ ಅವನು ಕ್ಯಾಥೊಲಿಕ್ ಮತಕ್ಕೆ ಸೇರಿದ್ದ. 1688ರ ಕ್ರಾಂತಿಯ ಬಳಿಕ ಪ್ರಾಟೆಸ್ಟೆಂಟ್ ದೊರೆ ಮೂರನೇ ವಿಲಿಯಂ ಪಟ್ಟಕ್ಕೆ ಬಂದಾಗ ಪ್ರಮಾಣವಚನ ಸ್ವೀಕರಿಸಲು ಒಪ್ಪದೆ ಪದವಿ ಕಳೆದುಕೊಂಡ. ಆ ಪದವಿ ಹೋದದ್ದು ಅವನೇ ಪದ್ಯದಲ್ಲಿ ಗೇಲಿ ಮಾಡಿದ್ದ ಥಾಮಸ್ ಶಾಡ್‌ವೆಲ್‌ಗೆ! ಅರವತ್ತರ ಹತ್ತಿರ ಬಂದ ಕವಿ ಮತ್ತೆ ಲೇಖನಿಯನ್ನೇ ನಂಬಬೇಕಾಯಿತು.

1694ರಲ್ಲಿ ಡ್ರೈಡನ್, ಟಾನ್ಸನ್ ನಡುವೆ ಒಂದು ಒಪ್ಪಂದವಾಯಿತು. ರೋಮಿನ ಮಹಾಕವಿ ವರ್ಜಿಲ್‌ನ ಕೃತಿಗಳನ್ನೆಲ್ಲ ಇಂಗ್ಲಿಷಿಗೆ ತರುವ ಯೋಜನೆ ಅದು. ಮೊದಲ ದರ್ಜೆಯ ಚಂದಾದಾರರು 101 ಮಂದಿ, ತಲಾ 5 ಗಿನಿ. 3 ಗಿನಿ ಮುಂಗಡ, ಉಳಿದದ್ದು ಪುಸ್ತಕ ಕೈಸೇರಿದಾಗ. ಅಂಥ ಒಬ್ಬೊಬ್ಬರ ಹೆಸರು ಮತ್ತು ವಂಶಲಾಂಛನ ಒಂದೊಂದು ಚಿತ್ರದ ಕೆಳಗೆ. ಎರಡನೆಯ ದರ್ಜೆಯವರು 2 ಗಿನಿ ಕೊಟ್ಟರೆ ಹೆಸರು ಪಟ್ಟಿಯಲ್ಲಿ ಮಾತ್ರ. ಇದಲ್ಲದೆ ಟಾನ್ಸನ್ ತಾನೂ 200 ಪೌಂಡನ್ನು ಕಂತಿನಲ್ಲಿ ಕೊಡಬೇಕು.

ಪುಸ್ತಕವನ್ನು ದೊರೆ ವಿಲಿಯಂಗೆ ಅರ್ಪಿಸಿದರೆ ಲಾಭವಿದೆ ಎಂದು ಟಾನ್ಸನ್ ಒತ್ತಾಯಿಸಿದ. ತನ್ನ ಪದವಿ ಕಿತ್ತುಕೊಂಡ ದೊರೆಗೆ ಕೃತಿ ಅರ್ಪಿಸಲು ಡ್ರೈಡನ್ ಸುತರಾಂ ಒಪ್ಪಲಿಲ್ಲ. ಟಾನ್ಸನ್ ಸುಮ್ಮನಿರುವ ಆಸಾಮಿಯಲ್ಲ. ಹಳೆಯ ತಾಮ್ರದ ಚಿತ್ರಫಲಕಗಳಲ್ಲಿ ಕಥಾನಾಯಕ ಈನಿಯಸ್‌ನ ಮೂಗನ್ನು ತಿದ್ದಿಸಿ, ವಿಲಿಯಂ ದೊರೆಯ ಗಿಣಿಮೂಗಿನಂತೆ ಬಾಗಿಸಿಬಿಟ್ಟ! ಅರ್ಪಣೆಯಲ್ಲಿ ಬರದ ದೊರೆ ಚಿತ್ರದಲ್ಲಿ ಬಂದ.

ಸವೆದ ನಾಣ್ಯ ಮತ್ತು ನ್ಯೂಟನ್

ಈ ಅನುವಾದದ ಕಾಲದಲ್ಲಿ ಡ್ರೈಡನ್ ಬರೆದ ಪತ್ರಗಳಲ್ಲಿ ಕಾವ್ಯಕ್ಕಿಂತ ನಾಣ್ಯದ ಚಿಂತೆ ಹೆಚ್ಚು. ಆಗಿನ ಬೆಳ್ಳಿ ನಾಣ್ಯಗಳ ಅಂಚನ್ನು ಜನ ಕತ್ತರಿಸಿ ಬೆಳ್ಳಿ ಕದಿಯುತ್ತಿದ್ದರು. ಒಂದು ಷಿಲಿಂಗ್ ಎಂದು ಕೈಗೆ ಬಂದದ್ದರಲ್ಲಿ ಒಂದು ಷಿಲಿಂಗಿನ ಬೆಳ್ಳಿ ಇರುತ್ತಿರಲಿಲ್ಲ. ಜೊತೆಗೆ ಹಿತ್ತಾಳೆಯ ಖೋಟಾ ನಾಣ್ಯಗಳೂ ಸೇರಿಕೊಳ್ಳುತ್ತಿದ್ದವು. ಚಿನ್ನದ ಗಿನಿಯ ಬೆಲೆ ಏರಿಳಿಯುತ್ತಿತ್ತು. ತನಗೆ ಒಳ್ಳೆಯ ಬೆಳ್ಳಿಯಲ್ಲೇ ಹಣ ಬೇಕು, ಹಿಂದೆ ಕೊಟ್ಟಂಥದ್ದು ಬೇಡ ಎಂದು ಡ್ರೈಡನ್ ಖಡಾಖಂಡಿತವಾಗಿ ಬರೆದ.

ಈ ರೋಗಕ್ಕೆ ಸರ್ಕಾರ ಕೊಟ್ಟ ಮದ್ದು 1696ರ ಹೊಸ ನಾಣ್ಯ ಯೋಜನೆ. ಹಳೆಯ ನಾಣ್ಯಗಳನ್ನೆಲ್ಲ ಕರಗಿಸಿ, ಯಂತ್ರದಲ್ಲಿ ಅಂಚಿಗೆ ಗುರುತು ಒತ್ತಿದ ನಾಣ್ಯಗಳನ್ನು ಅಚ್ಚು ಹಾಕಿದರು. ಅಂಚು ಕತ್ತರಿಸಿದರೆ ಕೂಡಲೇ ಗೊತ್ತಾಗಬೇಕಲ್ಲ! ಇಂದಿನ ಹಲವು ನಾಣ್ಯಗಳ ಅಂಚಿನಲ್ಲಿ ಕಾಣುವ ಗೀರುಗಳ ಮೂಲ ಉದ್ದೇಶವೂ ಇದೇ. ಆ ವರ್ಷ ಕೇಂಬ್ರಿಜ್ ಬಿಟ್ಟು ಟಂಕಸಾಲೆಯ ಅಧಿಕಾರಿಯಾಗಿ ಬಂದವನು ಐಸಾಕ್ ನ್ಯೂಟನ್. ಗುರುತ್ವಾಕರ್ಷಣೆಯ ನಿಯಮ ಕೊಟ್ಟವನೇ ಕವಿಯ ಕೈಗೆ ಸರಿಯಾದ ತೂಕದ ಷಿಲಿಂಗ್ ಬರುವಂತೆ ನೋಡಿಕೊಳ್ಳುವ ಹೊಣೆ ಹೊತ್ತ.

1697ರಲ್ಲಿ ವರ್ಜಿಲ್ ಅನುವಾದ ಹೊರಬಂತು. ಅದರಿಂದ ಡ್ರೈಡನ್‌ಗೆ ಎಲ್ಲ ಬಗೆಯಲ್ಲೂ ಸೇರಿ ಸುಮಾರು 1200 ಪೌಂಡ್ ದೊರೆಯಿತೆಂದು ಮುಂದಿನ ತಲೆಮಾರಿನ ಕವಿ ಪೋಪ್ ಹೇಳಿದ್ದಾನೆ. 1699ರಲ್ಲಿ ಇನ್ನೊಂದು ಪದ್ಯಸಂಗ್ರಹಕ್ಕೆ ಟಾನ್ಸನ್ ಒಪ್ಪಿದ ಹಣ 10,000 ಸಾಲುಗಳಿಗೆ 250 ಗಿನಿ, ಅಂದರೆ 268 ಪೌಂಡ್ 15 ಷಿಲಿಂಗ್. ಇದನ್ನು ಮಿಲ್ಟನ್‌ನ ಲೆಕ್ಕದ ಪಕ್ಕದಲ್ಲಿಟ್ಟು ನೋಡೋಣ. 18 ಪೌಂಡ್ ಎಂದರೆ 360 ಷಿಲಿಂಗ್. ಹತ್ತೂವರೆ ಸಾವಿರ ಸಾಲುಗಳನ್ನು ಅದಕ್ಕೆ ಹಂಚಿದರೆ ಒಂದು ಷಿಲಿಂಗಿಗೆ 29 ಸಾಲು. ಡ್ರೈಡನ್‌ನದು 5375 ಷಿಲಿಂಗ್. ಒಂದು ಷಿಲಿಂಗಿಗೆ ಎರಡು ಸಾಲೂ ಬರುವುದಿಲ್ಲ. ಈ ಎರಡು ಒಪ್ಪಂದಗಳ ನಡುವಿನ ಅಂತರ 32 ವರ್ಷ. ಕವಿತೆಯ ಗುಣ ಹದಿನೈದು ಪಟ್ಟು ಹೆಚ್ಚಿತೇ? ಖಂಡಿತ ಇಲ್ಲ. ಹೆಚ್ಚಿದ್ದು ಓದುಗರ ಸಂಖ್ಯೆ, ವ್ಯಾಪಾರದ ಜಾಣತನ, ಮತ್ತು ತನ್ನ ಶ್ರಮಕ್ಕೆ ಬೆಲೆ ಕೇಳುವ ಕವಿಯ ದಿಟ್ಟತನ.

ಹಕ್ಕು ಬರೆದವನದಾದದ್ದು

1695ರಲ್ಲಿ ಪರವಾನಗಿ ಕಾಯಿದೆಯ ಅವಧಿ ಮುಗಿಯಿತು. ಪಾರ್ಲಿಮೆಂಟು ಅದನ್ನು ಮುಂದುವರಿಸಲಿಲ್ಲ. ಮುದ್ರಣಾಲಯಗಳು ಊರೂರಿಗೆ ಹಬ್ಬಿದವು, ಕಳ್ಳಮುದ್ರಣವೂ ಹಬ್ಬಿತು. ಕಾನೂನು ಬೇಕೆಂದು ಪುಸ್ತಕ ವ್ಯಾಪಾರಿಗಳೇ ಮೊರೆಯಿಟ್ಟರು. ಕೊನೆಗೆ 1710ರಲ್ಲಿ ರಾಣಿ ಆನ್‌ಳ ಕಾಲದ ಪ್ರಸಿದ್ಧ ಕಾಯಿದೆ ಜಾರಿಗೆ ಬಂತು. ಹಕ್ಕು ಮೊದಲಿಗೆ ಬರೆದವನದು ಎಂದು ಅದು ಸ್ಪಷ್ಟಪಡಿಸಿತು. ಹೊಸ ಪುಸ್ತಕಕ್ಕೆ 14 ವರ್ಷ. ಲೇಖಕ ಬದುಕಿದ್ದರೆ ಮತ್ತೆ 14 ವರ್ಷ. ಹಳೆಯ ಪುಸ್ತಕಗಳಿಗೆ 21 ವರ್ಷ. ಆಮೇಲೆ ಅದು ಎಲ್ಲರ ಸ್ವತ್ತು. ಆದರೂ ಟಾನ್ಸನ್ ವಂಶದವರು 'ಪ್ಯಾರಡೈಸ್ ಲಾಸ್ಟ್' ಎಂದೆಂದಿಗೂ ತಮ್ಮದೇ ಎಂದು ನ್ಯಾಯಾಲಯಗಳಲ್ಲಿ ವಾದಿಸುತ್ತಲೇ ಇದ್ದರು. ಹಾಗೆ ಶಾಶ್ವತ ಹಕ್ಕು ಯಾರಿಗೂ ಇಲ್ಲವೆಂಬುದು ಹೌಸ್ ಆಫ್ ಲಾರ್ಡ್ಸ್‌ನಲ್ಲಿ ತೀರ್ಮಾನವಾದದ್ದು 1774ರಲ್ಲಿ.

ಭಾರತದ ಗ್ರಂಥಸ್ವಾಮ್ಯ ಕಾನೂನು ಬೆಳೆದು ಬಂದದ್ದು ಇದೇ ಬೇರಿನಿಂದ. 1957ರ ಕಾಯಿದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ಇಲ್ಲಿ ಲೇಖಕನ ಜೀವಿತಾವಧಿ ಮತ್ತು ಅನಂತರದ 60 ವರ್ಷ ಹಕ್ಕು ಉಳಿಯುತ್ತದೆ. ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ 'ಹಕ್ಕುಗಳನ್ನು ಕಾದಿರಿಸಲಾಗಿದೆ' ಎಂಬ ಒಂದು ಸಾಲು ಇರುತ್ತದೆ. ಯಾರೂ ಅದನ್ನು ಓದುವುದಿಲ್ಲ. ಅದರ ಹಿಂದೆ ಇಷ್ಟು ದೊಡ್ಡ ಕಥೆಯಿದೆ.

ಮೊಮ್ಮಗಳ ಅಂಗಡಿ

ಈ ಕಥೆಗೆ ಇನ್ನೊಂದು ಕೊನೆಯೂ ಇದೆ. ಅರ್ಥವಾಗದ ಭಾಷೆಗಳನ್ನು ತಂದೆಗೆ ಓದಿ ಹೇಳುತ್ತಿದ್ದ ಡೆಬೊರಾಳ ಮಗಳು ಎಲಿಜಬೆತ್ ಫಾಸ್ಟರ್. ಮಿಲ್ಟನ್‌ನ ಮೊಮ್ಮಗಳಾದ ಈಕೆ ಲಂಡನ್ನಿನಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡು ಬಡತನದಲ್ಲಿ ಬದುಕುತ್ತಿದ್ದಳು. 1750ರಲ್ಲಿ ಆಕೆಯ ಸಹಾಯಾರ್ಥವಾಗಿ ಮಿಲ್ಟನ್‌ನದೇ ನಾಟಕ 'ಕೋಮಸ್' ಅನ್ನು ಡ್ರೂರಿ ಲೇನ್ ರಂಗಮಂದಿರದಲ್ಲಿ ಆಡಿದರು. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಅದಕ್ಕೆ ಪ್ರಸ್ತಾವನೆಯ ಪದ್ಯ ಬರೆದುಕೊಟ್ಟ. ಅಂದು ಕೂಡಿದ್ದು 130 ಪೌಂಡ್. ಟಾನ್ಸನ್ ವಂಶದವರೂ 20 ಪೌಂಡ್ ಕೊಟ್ಟರು. ಅಜ್ಜನಿಗೆ ಇಡೀ ಕಾವ್ಯದಿಂದ ಬಂದದ್ದಕ್ಕಿಂತ ಹೆಚ್ಚಿನ ಹಣ ಮೊಮ್ಮಗಳಿಗೆ ಒಂದೇ ಸಂಜೆ ಬಂತು. ಆದರೆ ಅದು ಸಹಾಯಧನವಾಗಿ ಬಂತು, ಹಕ್ಕಾಗಿ ಅಲ್ಲ.

ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಜಗತ್ತಿನ ಮಹಾಕವಿಗಳಿಗೆ ನಮಿಸುವಾಗ ಮಿಲ್ಟನ್‌ಗೂ ನಮಿಸಿದ್ದಾರೆ. ಕಾವ್ಯದ ನಿಜವಾದ ಬೆಲೆ ಅದು, ಅದನ್ನು ಯಾವ ಕರಾರುಪತ್ರದಲ್ಲೂ ಬರೆಯಲಾಗದು. ಆದರೆ ಕವಿಯ ಮನೆಯಲ್ಲಿ ಒಲೆ ಉರಿಯಬೇಕು, ಮಕ್ಕಳು ಮರಿಗಳು ಉಣ್ಣಬೇಕು. ಮನೆಯಲ್ಲಿ ಮಗನೋ ಮಗಳೋ ಪದ್ಯ ಬರೆದು ತಂದು ತೋರಿಸಿದಾಗ 'ಇದರಿಂದ ಹೊಟ್ಟೆ ತುಂಬುತ್ತದೆಯೇ?' ಎಂದು ಹಿರಿಯರು ಕೇಳುವುದುಂಟು. ಆ ಪ್ರಶ್ನೆ ತಪ್ಪಲ್ಲ. 300ಕ್ಕೂ ಹೆಚ್ಚು ವರ್ಷಗಳ ಹಿಂದೆ ಡ್ರೈಡನ್ ಕೂಡ ಅದನ್ನೇ ತನ್ನ ಪ್ರಕಾಶಕನಿಗೆ ಕೇಳಿದ. ಬೇರೆಯವರ ಪುಸ್ತಕವನ್ನು ಪೂರ್ತಿ ನಕಲು ಮಾಡಿ ಹಂಚುವ ಮುನ್ನ ಮಕ್ಕಳೂ ಒಂದು ಕ್ಷಣ ಅದೇ ಪ್ರಶ್ನೆ ಕೇಳಿಕೊಳ್ಳಬಹುದು: ಇದನ್ನು ಬರೆದವರ ಹೊಟ್ಟೆ ತುಂಬಿತೇ?